ಹೆಸರಲ್ಲೊಂದು ಕುದುರೆ

ಇವತ್ತಿನ ಹೆಸರು ಕ್ಸಾಂಥಿಪಿ. ಸಾಕ್ರಟೀಸನ ಹೆಂಡತಿ, ಜಗಳಗಂಟಿ ಅಂತ ಕೇಳಿರ್ತೀರಿ. ಹೆಸರಿನ ಅರ್ಥ ಮಾತ್ರ ‘ಹೊಂಬಣ್ಣದ ಕುದುರೆ’. ಗ್ರೀಕಿನಲ್ಲಿ ಹಿಪ್ಪೋಸ್ ಅಂದ್ರೆ ಕುದುರೆ. ಫಿಲಿಪ್‌ನಲ್ಲೂ ಇರೋದು ಅದೇ.

ಅಥೆನ್ಸ್‌ನಲ್ಲಿ ಕುದುರೆ ಸಾಕೋದು ಸಿರಿವಂತರ ಬಾಬ್ತು. ಹಾಗಾಗಿ ಹೆಸರಲ್ಲಿ ಕುದುರೆ ಇದ್ರೆ ದೊಡ್ಡ ಮನೆತನದ ವಾಸನೆ. ಕ್ರಿ.ಪೂ. 423ರಲ್ಲಿ ಆಡಿದ ಅರಿಸ್ಟೋಫನೀಸನ ‘ಮೋಡಗಳು’ ನಾಟಕದಲ್ಲಿ ಇದಕ್ಕೇ ಗಂಡ ಹೆಂಡತಿ ಜಗಳ. ಸಿರಿವಂತರ ಮನೆ ಹೆಣ್ಣಿಗೆ ಮಗನ ಹೆಸರಲ್ಲಿ ಕುದುರೆ ಬೇಕು. ಹಳ್ಳಿಯ ಗಂಡನಿಗೆ, ನಮ್ಮಲ್ಲಿ ಹಾಗೇ, ಅಜ್ಜನ ಹೆಸರು ಬೇಕು: ಉಳಿತಾಯದ ಅರ್ಥ ಬರೋ ಫೈಡೋನಿಡೀಸ್. ಕೊನೆಗೆ ರಾಜಿಯಾಗಿ ಫೈಡಿಪ್ಪಿಡೀಸ್. ಉಳಿತಾಯವೂ ಉಂಟು, ಕುದುರೆಯೂ ಉಂಟು! ಬಿ.ಕಾಂ. ಓದಿದ ನನಗಂತೂ ಈ ಲೆಕ್ಕ ಟ್ಯಾಲಿ ಆಗೋ ಹಾಗೆ ಕಾಣಲಿಲ್ಲ. ಆಗೋದೂ ಇಲ್ಲ: ಮಗನ ರೇಸ್ ಹುಚ್ಚಿಗೆ ಅಪ್ಪ ಸಾಲದಲ್ಲಿ ಮುಳುಗಿ, ಬಡ್ಡಿ ನೆನೆದು ರಾತ್ರಿಯೆಲ್ಲ ಹೊರಳಾಡ್ತಾನೆ. ನಾಟಕ ಶುರುವಾಗೋದೇ ಅಲ್ಲಿಂದ.