ಕಿತ್ತೂರಿನ ಇನ್ನೊಂದು ಕಥೆ

ಕಿತ್ತೂರು ಎಂದ ಕೂಡಲೆ ನನ್ನ ತರಗತಿಯ ಮಕ್ಕಳೆಲ್ಲ ಒಟ್ಟಿಗೇ ಕೂಗುವುದು ಚೆನ್ನಮ್ಮ ಎಂದು. 1824 ಎಂಬ ಇಸವಿಯೂ ಬಾಯಿಪಾಠ. ಅದೇ ಊರಿನಲ್ಲಿ 1986ರ ಜುಲೈ ತಿಂಗಳಲ್ಲಿ ಏನಾಯಿತು ಎಂದು ಕೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ. ಸಿ-ಡಾಟ್ ಎಂಬ ನಮ್ಮದೇ ಸಂಸ್ಥೆ ರೂಪಿಸಿದ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜು ಮೊದಲು ಕೆಲಸ ಶುರುಮಾಡಿದ್ದು ಅಲ್ಲಿ. ಅದರ ಹಿಂದೆ ಪರದೇಶದ ಯಂತ್ರವೊಂದು ಸೋತ ಕಥೆಯಿದೆ.

ನಾನು ಚಿಕ್ಕವಳಿದ್ದಾಗ ಯಲ್ಲಾಪುರದ ಕಡೆ ಫೋನು ಎಂದರೆ ಪೇಟೆಯ ನಾಲ್ಕಾರು ಅಂಗಡಿ, ಸಾಹುಕಾರರ ಮನೆ, ಅಷ್ಟೇ. ನಮ್ಮಂಥವರಿಗೆ ಅಂಚೆ ಕಚೇರಿಯ ಟ್ರಂಕ್ ಕಾಲ್. ನಂಬರು ಬರೆಸಿ ಬೆಂಚಿನ ಮೇಲೆ ಕೂತರೆ ಬೆಳಗಿನಿಂದ ಮಧ್ಯಾಹ್ನವಾಗುತ್ತಿತ್ತು. ಸಿಕ್ಕ ಮೇಲೆ ಕೂಗುವುದೇ ಕೂಗುವುದು. ಮನೆಯ ಗುಟ್ಟೆಲ್ಲ ಪೇಟೆಗೆ ಕೇಳುತ್ತಿತ್ತು! ಮಳೆಗಾಲದಲ್ಲಿ ಮರದ ಟೊಂಗೆ ತಂತಿಯ ಮೇಲೆ ಬಿದ್ದರೆ ಆ ಕೂಗಿಗೂ ದಾರಿಯಿಲ್ಲ.

ಫೋನುಗಳನ್ನು ಮಾಡುತ್ತಿದ್ದದ್ದು ದೂರದಲ್ಲೇನೂ ಅಲ್ಲ, ನಮ್ಮ ಬೆಂಗಳೂರಿನ ಐ.ಟಿ.ಐ. ಕಾರ್ಖಾನೆ. 1948ರಲ್ಲಿ ಹುಟ್ಟಿದ್ದು. ಅದರಿಂದಲೇ ದೂರವಾಣಿನಗರ ಎಂಬ ಬಡಾವಣೆಗೆ ಹೆಸರು ಬಂತು. ಮೊದಲು ಅಲ್ಲಿ ಇಂಗ್ಲೆಂಡಿನ ಸಹಾಯದಿಂದ ಸ್ಟ್ರೌಜರ್ ಎಂಬ ಹಳೆಯ ಮಾದರಿಯ ಎಕ್ಸ್‌ಚೇಂಜುಗಳು ತಯಾರಾದವು. 1964ರಲ್ಲಿ ಬೆಲ್ಜಿಯಮ್ಮಿನ ಕಂಪನಿಯೊಂದರ ಜತೆ ಒಪ್ಪಂದವಾಗಿ ಪೆಂಟಕಾಂಟಾ ಎಂಬ ಹೊಸ ಕ್ರಾಸ್‌ಬಾರ್ ಯಂತ್ರ ಬಂತು. ಹೊಸದು, ಚುರುಕಿನದು ಎಂದೇ ತಂದದ್ದು. ನಮ್ಮ ಪಟ್ಟಣಗಳಲ್ಲಿ ಅದು ಏದುಸಿರು ಬಿಟ್ಟಿತು.

ಕಾರಣ ಕೇಳಿದರೆ ನಿಮಗೆ ನಗು ಬಂದೀತು. ಯುರೋಪಿನಲ್ಲಿ ಮನೆಗೊಂದು ಫೋನು, ದಿನಕ್ಕೆ ಕೆಲವೇ ಕರೆ. ಆ ಲೆಕ್ಕದಲ್ಲೇ ಯಂತ್ರವನ್ನು ಯೋಜಿಸಿದ್ದರು. ನಮ್ಮಲ್ಲಾದರೋ ಒಂದು ಫೋನಿಗೆ ಇಡೀ ಬೀದಿ. ಎಂಗೇಜ್ ಬಂದರೆ ಸುಮ್ಮನಿರುವ ಜಾಯಮಾನ ನಮ್ಮದಲ್ಲ, ತಿರುಗಿಸುತ್ತಲೇ ಇರುತ್ತೇವೆ. ಸ್ಟ್ರೌಜರಿನಲ್ಲಿ ಪ್ರತಿ ಕರೆಯೂ ಮೆಟ್ಟಿಲು ಮೆಟ್ಟಿಲಾಗಿ ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ. ಕ್ರಾಸ್‌ಬಾರಿನಲ್ಲಿ ಹಾಗಲ್ಲ, ನಂಬರು ಓದಿ ಜೋಡಿಸುವ ಕೆಲವೇ ಸಾಮಾನ್ಯ ಉಪಕರಣಗಳು ಎಲ್ಲರ ಕರೆಯನ್ನೂ ನೋಡಿಕೊಳ್ಳಬೇಕು. ಅವು ಕಟ್ಟಿಕೊಂಡರೆ ಸಾಲಿನಲ್ಲಿರುವವರೆಲ್ಲ ಕಾಯಬೇಕು. ಹತ್ತು ಜನರ ಅಡುಗೆಗೆ ಹೂಡಿದ ಒಲೆಯ ಮೇಲೆ ಮದುವೆಮನೆಯ ಹಂಡೆ ಇಟ್ಟಂತೆ. ಒಲೆಯದು ತಪ್ಪೋ, ಆರಿಸಿ ತಂದವರದೋ? ನನ್ನ ಕೇಳಿದರೆ ಆರಿಸಿದವರದೇ ಹೆಚ್ಚು. ಬೀದಿಗೊಂದೇ ಫೋನು ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಕೊನೆಗೆ ನಮ್ಮ ಎಂಜಿನಿಯರುಗಳೇ ಅದನ್ನು ಬಿಚ್ಚಿ ನೋಡಿ, ಈ ನೆಲಕ್ಕೆ ಹೊಂದುವ ಇಂಡಿಯನ್ ಕ್ರಾಸ್‌ಬಾರ್ ಎಂದು ತಿದ್ದಿದರು. ಹಳೆಯ ಸ್ಟ್ರೌಜರನ್ನೂ ಕಾರ್ಖಾನೆ ಬಿಡಲಿಲ್ಲ.

ಒಬ್ಬರ ಯಂತ್ರ ಕೈಕೊಟ್ಟಾಗ ಉಳಿದ ತಯಾರಕರು ಏನು ಮಾಡುತ್ತಾರೆ ಎನ್ನುವುದೂ ಒಂದು ತಮಾಷೆ. 2010ರಲ್ಲಿ ಆಪಲ್ ಕಂಪನಿಯ ಐಫೋನ್ 4 ಬಂದಾಗ, ಎಡಗಡೆಯ ಕೆಳಮೂಲೆ ಮುಚ್ಚುವಂತೆ ಹಿಡಿದರೆ ಸಿಗ್ನಲ್ ಕುಸಿಯುತ್ತಿತ್ತು. ಮೋಟೊರೋಲಾದವರು ತಮ್ಮ ಫೋನನ್ನು ಹೇಗೆ ಬೇಕಾದರೂ ಹಿಡಿಯಬಹುದು ಎಂದು ಜಾಹೀರಾತು ಕೊಟ್ಟರು. ಜುಲೈ 16ರಂದು ಆಪಲ್‌ನ ಸ್ಟೀವ್ ಜಾಬ್ಸ್ ಬ್ಲ್ಯಾಕ್‌ಬೆರಿ, ಎಚ್‌ಟಿಸಿ, ಸ್ಯಾಮ್‌ಸಂಗ್ ಫೋನುಗಳನ್ನೂ ತೋರಿಸಿ, ಇವುಗಳಲ್ಲೂ ಹಾಗೇ ಆಗುತ್ತದೆ ಎಂದರು. ಬ್ಲ್ಯಾಕ್‌ಬೆರಿಯವರು ಸಿಟ್ಟಾಗಿ, ನಿಮ್ಮ ಸಂಕಟಕ್ಕೆ ನಮ್ಮನ್ನೇಕೆ ಎಳೆಯುತ್ತೀರಿ ಎಂಬರ್ಥದ ಹೇಳಿಕೆ ಕೊಟ್ಟರು. ಅಂದಕ್ಕಿಂತ ಆಂಟೆನಾ ನಮಗೆ ಮುಖ್ಯ ಎಂದಿತು ನೋಕಿಯಾ. ಕಡೆಗೆ ಆಪಲ್ ಫೋನಿನ ಸುತ್ತ ಹಾಕುವ ಕವಚವನ್ನು ಪುಕ್ಕಟೆ ಹಂಚಿತು. ಬೀದಿನಲ್ಲಿಯ ಜಗಳಕ್ಕೂ ಇದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಸಿ-ಡಾಟ್‌ನವರ ರೀತಿ ಬೇರೆ. 1984ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಮುಂದಾಳುತನದಲ್ಲಿ ಆ ಸಂಸ್ಥೆ ಹುಟ್ಟಿದಾಗ ಕೊಟ್ಟದ್ದು 36 ತಿಂಗಳ ಗಡುವು, 36 ಕೋಟಿ ರೂಪಾಯಿ. ಆಗ ವಿದೇಶಿ ಕಂಪನಿಗಳ ಡಿಜಿಟಲ್ ಎಕ್ಸ್‌ಚೇಂಜುಗಳು ಸಾವಿರಾರು ಸಂಪರ್ಕಗಳ ದೊಡ್ಡ ಪಟ್ಟಣಕ್ಕೆಂದು ಮಾಡಿದವು, ಹವಾನಿಯಂತ್ರಿತ ಕೋಣೆಯನ್ನು ಬೇಡುವಂಥವು. ಕರೆಂಟೇ ನೆಟ್ಟಗಿಲ್ಲದ ಹಳ್ಳಿಯಲ್ಲಿ ಏ.ಸಿ. ಎಲ್ಲಿಂದ ತರುವುದು? ಇವರು ಅಲ್ಲಿಂದಲೇ ಹೊರಟರು. ಕಡಿಮೆ ವಿದ್ಯುತ್ ನುಂಗುವ, ಸೆಕೆ ಧೂಳು ತಡೆಯುವ, ಏ.ಸಿ. ಬೇಡದ ಪೆಟ್ಟಿಗೆ. ಒಂದು ಫೋನಿಗೆ ನಮ್ಮಲ್ಲಿ ಎಷ್ಟು ಕರೆ ಬೀಳುತ್ತದೆ ಎಂಬ ಲೆಕ್ಕವನ್ನೂ ಮೊದಲೇ ಹಿಡಿದರು. ಕಿತ್ತೂರಿಗೆ ಬಂದದ್ದು 128 ತಂತಿಗಳ ಅಂಥದೊಂದು. ನಂತರ ಅದರ ನಕ್ಷೆಯನ್ನು ಐ.ಟಿ.ಐ. ಸೇರಿ ಹಲವು ತಯಾರಕರಿಗೆ ಕೊಟ್ಟರು, ಸರಕಾರಿಯೂ ಖಾಸಗಿಯೂ. ಹೀಗಾಗಿ ಪೆಂಟಕಾಂಟಾ ಮಾಡಿದ ಕಾರ್ಖಾನೆಯೇ ಇದನ್ನೂ ಮಾಡಿತು.

ಬಿ.ಎಡ್. ಓದಲು ನಾನು ಧಾರವಾಡಕ್ಕೆ ಹೋಗುವ ಹೊತ್ತಿಗೆ ಹಳದಿ ಫಲಕದ ಎಸ್.ಟಿ.ಡಿ. ಬೂತುಗಳು ಬಂದಿದ್ದವು. ರಾತ್ರಿ ಹೊತ್ತಾದ ಮೇಲೆ ದರ ಕಾಲುಭಾಗ. ಹಾಸ್ಟೆಲ್ಲಿನ ನಾವು ನಾಲ್ಕೈದು ಜನ ಶಾಲು ಹೊದ್ದು ಸಾಲಿನಲ್ಲಿ ನಿಲ್ಲುತ್ತಿದ್ದೆವು. ಒಳಗೆ ಯಾರೋ ಅಳುತ್ತಿದ್ದರೆ ಹೊರಗಿನವರು ಗಾಜಿನ ಕಡೆ ಬೆನ್ನು ಮಾಡಿ ನಿಲ್ಲುವುದು, ಕೆಂಪು ಅಂಕಿಗಳ ಮೀಟರನ್ನು ಮಾತ್ರ ಬೂತಿನವನು ನೋಡುತ್ತಿರುವುದು. ಅಮ್ಮನ ದನಿ ಯಲ್ಲಾಪುರದಿಂದ ಪಕ್ಕದ ಕೋಣೆಯಲ್ಲಿದ್ದಂತೆ ಕೇಳುತ್ತಿತ್ತು. ಆದರೂ ಅವಳು ಹಳೆಯ ಅಭ್ಯಾಸಕ್ಕೆ ಕೂಗಿಯೇ ಮಾತಾಡುತ್ತಿದ್ದಳು.