ಹಬ್ಬದ ಲೆಕ್ಕವನ್ನು ಮರೆಯದವರು

ಶ್ರೋತೃಗಳೇ, ಒಂದು ಮತವು ತನ್ನ ಗುರುಗಳನ್ನೂ ಗ್ರಂಥಗಳನ್ನೂ ದೇವಾಲಯಗಳನ್ನೂ ಒಮ್ಮೆಗೇ ಕಳೆದುಕೊಂಡರೆ ಎಷ್ಟು ಕಾಲ ಬದುಕಬಲ್ಲುದು? ತಂದೆ ಮಗನಿಗೆ, ತಾಯಿ ಮಗಳಿಗೆ ಹೇಳಿಕೊಟ್ಟ ಮಾತೊಂದೇ ಉಳಿದಿರುವಲ್ಲಿ, ಹಬ್ಬದ ದಿನವೂ ಅದರ ಅರ್ಥವೂ ಎಷ್ಟು ತಲೆಮಾರುಗಳವರೆಗೆ ಕೆಡದೆ ಸಾಗಬಹುದು? ಚರಿತ್ರೆಯಲ್ಲಿ ಇಂಥ ಪ್ರಶ್ನೆಗಳನ್ನು ಪ್ರಯೋಗ ಮಾಡಿ ನೋಡುವ ಹಾಗಿಲ್ಲ. ಆದರೂ ಜಪಾನು ದೇಶದ ನಾಗಸಾಕಿ ಸೀಮೆಯಲ್ಲಿ ಅಂಥದೊಂದು ಪ್ರಯೋಗವು, ಬಹು ಕ್ರೂರವಾದ ರೀತಿಯಲ್ಲಿ, ತಾನಾಗಿಯೇ ನಡೆದುಹೋಯಿತು.

ಜಪಾನಿಗೆ ಕ್ರೈಸ್ತಮತವು ಹೋದುದು ನಮ್ಮ ಪಡುವಣ ಕರಾವಳಿಯ ಮಾರ್ಗವಾಗಿ. ಫ್ರಾನ್ಸಿಸ್ ಜೇವಿಯರನು ಗೋವೆಯಲ್ಲಿ ದೀಕ್ಷಾಸ್ನಾನ ಪಡೆದಿದ್ದ ಅಂಜಿರೋ ಎಂಬ ಜಪಾನೀಯನನ್ನು ಜೊತೆಗೊಂಡು ೧೫೪೯ನೆಯ ಆಗಸ್ಟ್ ೧೫ರಂದು ಕಾಗೊಷಿಮಾದಲ್ಲಿ ಇಳಿದನು. ಆತನ ದೇಹವು ಇಂದಿಗೂ ಗೋವೆಯಲ್ಲಿದೆ. ಅವನ ಹಬ್ಬವಾದ ಡಿಸೆಂಬರ್ ೩ನ್ನು ನಮ್ಮ ಕರಾವಳಿಯ ಕ್ಯಾಥೊಲಿಕರು ಬಲ್ಲರು. ಹದಿನೇಳನೆಯ ಶತಮಾನದ ಆರಂಭಕ್ಕೆ ಜಪಾನಿನಲ್ಲಿ ಸುಮಾರು ೩ ಲಕ್ಷ ಕ್ರೈಸ್ತರಿದ್ದರೆಂದು ಅಂದಾಜು. ಅಷ್ಟರಲ್ಲಿಯೇ ವಿರೋಧವೂ ಬೆಳೆದಿತ್ತು. ೧೫೯೭ರಲ್ಲಿ ನಾಗಸಾಕಿಯಲ್ಲಿ ೨೬ ಮಂದಿಯನ್ನು ಶಿಲುಬೆಗೇರಿಸಿದರು; ೧೬೧೪ರಲ್ಲಿ ತೊಕುಗಾವಾ ಪ್ರಭುತ್ವವು ಈ ಮತವನ್ನು ದೇಶಾದ್ಯಂತ ನಿಷೇಧಿಸಿತು. ೧೬೩೭-೩೮ರ ಷಿಮಾಬಾರಾ ದಂಗೆಯು ಅಡಗಿದ ಮೇಲೆ ಪೋರ್ಚುಗೀಸರನ್ನು ಹೊರಗಟ್ಟಿದರು. ಉಳಿದಿದ್ದ ಕೊನೆಯ ಜಪಾನೀ ಪಾದ್ರಿಯೂ ೧೬೪೪ರಲ್ಲಿ ಹತನಾದನು.

ಇಲ್ಲಿಂದ ಮುಂದಿನ ಎರಡು ಶತಮಾನಗಳ ಕಥೆಯೇ ನಮ್ಮ ವಿಷಯ. ಪ್ರತಿಯೊಂದು ಕುಟುಂಬವೂ ಬೌದ್ಧ ವಿಹಾರವೊಂದರಲ್ಲಿ ತನ್ನ ಹೆಸರನ್ನು ದಾಖಲು ಮಾಡಿಸಬೇಕಾಗಿತ್ತು. ನಾಗಸಾಕಿಯಲ್ಲಿ ವರ್ಷಾರಂಭದ ದಿನಗಳಲ್ಲಿ ಜನರು ಸಾಲಾಗಿ ಬಂದು, ಕ್ರಿಸ್ತನ ಅಥವಾ ಮರಿಯಳ ಚಿತ್ರವನ್ನು ಕೆತ್ತಿದ ಫಲಕವನ್ನು ಅಧಿಕಾರಿಗಳ ಎದುರಿಗೆ ಕಾಲಿನಿಂದ ತುಳಿಯಬೇಕಾಗಿತ್ತು. ತುಳಿಯಲೊಲ್ಲದವನಿಗೆ ಸೆರೆ, ಚಿತ್ರಹಿಂಸೆ, ಮರಣ. ಈ ಪದ್ಧತಿಯು ೧೮೫೭ರ ಸುಮಾರಿನವರೆಗೂ ನಡೆಯಿತು. ಗುಪ್ತ ಕ್ರೈಸ್ತರಲ್ಲಿ ಬಹುಮಂದಿ ತುಳಿದರು. ತುಳಿದು ಮನೆಗೆ ಬಂದು, ಬಾಗಿಲು ಮುಚ್ಚಿಕೊಂಡು, ಪಶ್ಚಾತ್ತಾಪದ ಪ್ರಾರ್ಥನೆಯನ್ನು ಹೇಳಿಕೊಂಡರು. ಪಾದ್ರಿ ಇಲ್ಲದೆಡೆ ಹೃತ್ಪೂರ್ವಕವಾದ ಪಶ್ಚಾತ್ತಾಪವೇ ಪಾಪವನ್ನು ಕಳೆಯುವುದೆಂದು ಬೋಧಿಸುವ ಒಂದು ಪುಟ್ಟ ಕೈಪಿಡಿಯು ೧೬೦೩ರಲ್ಲಿಯೇ ರಚಿತವಾಗಿದ್ದಿತು. ಗುಟ್ಟಾಗಿ ಪ್ರತಿಮಾಡಿಕೊಂಡು, ಬಾಯಿಪಾಠ ಮಾಡಿಕೊಂಡು, ಅದನ್ನು ಅವರು ಉಳಿಸಿಕೊಂಡರು. ಇವರನ್ನು ಹೇಡಿಗಳೆಂದು ಕರೆಯುವುದು ಸುಲಭ. ಆದರೆ ಪ್ರಾಣವನ್ನು ಕೊಟ್ಟವರು ಸಾಕ್ಷಿಯನ್ನು ಬಿಟ್ಟುಹೋದರು; ಮಕ್ಕಳಿಗೆ ಜಪವನ್ನು ಕಲಿಸಿದವರು ಈ ತುಳಿದವರೇ.

ಹೇಗೆ ಕಲಿಸಿದರು ಎಂಬುದನ್ನು ನೋಡೋಣ. ಉರಕಾಮಿ, ಸೊತೊಮೆ ಮೊದಲಾದ ಹಳ್ಳಿಗಳಲ್ಲಿ ಮೂರು ಹುದ್ದೆಗಳಿದ್ದವು. ಪಂಚಾಂಗವನ್ನು ಇಟ್ಟುಕೊಂಡು ಹಬ್ಬಗಳ ದಿನವನ್ನು ಗುಣಿಸುವವನು ಚೋಕಾತಾ. ಶಿಶುಗಳಿಗೆ ದೀಕ್ಷಾಸ್ನಾನ ಮಾಡಿಸುವವನು ಮಿಜುಕಾತಾ, ಎಂದರೆ ನೀರಿನವನು. ಮನೆಮನೆಗೂ ಸುದ್ದಿ ಮುಟ್ಟಿಸುವವನು ಕಿಕಿಯಾಕು. ಈ ವಾರದಲ್ಲಿ ಯಾವ ಹಬ್ಬ ಬರುವುದು, ಯಾವ ದಿನ ಉಪವಾಸ ಎಂಬುದು ಒಬ್ಬನಿಂದ ಒಬ್ಬನಿಗೆ ದಾಟಿ ಒಲೆಯ ಬಳಿಯ ಹೆಂಗಸಿನವರೆಗೆ ಬರುತ್ತಿತ್ತು. ಮೂವರಲ್ಲಿ ಮುಖ್ಯನು ಪಂಚಾಂಗದವನು ಎಂಬುದನ್ನು ಶ್ರೋತೃಗಳು ಗಮನಿಸಬೇಕು. ಬಾಸ್ತಿಯಾನ್ ಎಂಬ ಉಪದೇಶಿಯು ೧೬೩೪ರ ಹಬ್ಬಗಳನ್ನು ಜಪಾನೀ ಚಾಂದ್ರಮಾನಕ್ಕೆ ಹೊಂದಿಸಿ ಈ ಪಂಚಾಂಗವನ್ನು ಸಿದ್ಧಪಡಿಸಿದನೆಂದು ಪರಂಪರೆ. ಏಳು ತಲೆಮಾರುಗಳವರೆಗೆ ಇವರು ತನ್ನ ಮಕ್ಕಳಾಗಿರುವರೆಂದೂ, ಬಳಿಕ ಕರಿಯ ಹಡಗುಗಳಲ್ಲಿ ಪಾಪನಿವೇದನೆಯನ್ನು ಕೇಳುವ ಗುರುಗಳು ಬರುವರೆಂದೂ ಆತನು ನುಡಿದಿದ್ದನಂತೆ. ಇದು ಭವಿಷ್ಯವೋ, ಕಾದವರ ಆಸೆಯೇ ಭವಿಷ್ಯದ ರೂಪವನ್ನು ತಾಳಿತೋ, ನಾನು ತೀರ್ಮಾನಿಸಲಾರೆ. ಉರಕಾಮಿಯಲ್ಲಿ ಪಂಚಾಂಗದ ಹುದ್ದೆಯ ಏಳನೆಯವನಾದ ಕಿಚಿಜೋ ಎಂಬಾತನು ೧೮೫೬ರಲ್ಲಿ ಸೆರೆಸಿಕ್ಕಿ ಸೆರೆಮನೆಯಲ್ಲಿಯೇ ಮಡಿದನು.

ಅಷ್ಟರಲ್ಲಿ ಜಪಾನಿನ ರೇವುಗಳು ಪರದೇಶಿಗಳಿಗೆ ತೆರೆದಿದ್ದವು. ಪರದೇಶಿಗಳ ಉಪಯೋಗಕ್ಕೆಂದು ಫ್ರೆಂಚ್ ಪಾದ್ರಿಗಳು ನಾಗಸಾಕಿಯ ಓಉರಾದಲ್ಲಿ ಇಗರ್ಜಿಯೊಂದನ್ನು ಕಟ್ಟಿದರು. ೧೮೬೫ನೆಯ ಮಾರ್ಚ್ ೧೭ರಂದು ಉರಕಾಮಿಯ ಹತ್ತು ಹದಿನೈದು ಮಂದಿ ಅದರ ಬಾಗಿಲಿಗೆ ಬಂದು ನಿಂತರು. ಒಳಗೆ ಪ್ರಾರ್ಥಿಸುತ್ತಿದ್ದ ಪೆತಿಜಾಂ ಎಂಬ ಪಾದ್ರಿಯ ಬಳಿಗೆ ಒಬ್ಬ ಹೆಂಗಸು ಬಂದು, ತಮ್ಮೆಲ್ಲರ ಹೃದಯವೂ ಆತನ ಹೃದಯವೂ ಒಂದೇ ಎಂದು ಮೆಲ್ಲನೆ ಹೇಳಿ, ಸಾಂತಾ ಮರಿಯಳ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು. ಪ್ರತಿಮೆಯ ತೋಳಿನಲ್ಲಿದ್ದ ಶಿಶುವನ್ನು ಕಂಡೊಡನೆ ಅವರಿಗೆ ನೆನಪಾದುದು ಕ್ರಿಸ್ತಜಯಂತಿ. ಮಂಜಿನ ತಿಂಗಳ ೨೫ನೆಯ ದಿನ ತಾವು ಪ್ರಭುವಿನ ಜನನವನ್ನು ಆಚರಿಸುವೆವೆಂದೂ, ಆತನು ನಡುರಾತ್ರಿಯಲ್ಲಿ ಕೊಟ್ಟಿಗೆಯೊಳಗೆ ಹುಟ್ಟಿ, ಬಡತನದಲ್ಲಿ ಬೆಳೆದು, ೩೩ನೆಯ ವಯಸ್ಸಿನಲ್ಲಿ ಶಿಲುಬೆಯ ಮೇಲೆ ಸತ್ತನೆಂದೂ ಅವರು ವಿವರಿಸಿದರು. ಈಗ ನಮಗೆ ದುಃಖದ ಕಾಲ ನಡೆಯುತ್ತಿದೆ, ನಿಮಗೂ ಇದೆಯೇ ಎಂದು ವಿಚಾರಿಸಿದರು. ಆ ವರ್ಷ ಉಪವಾಸಕಾಲವು ಮಾರ್ಚ್ ೧ರಂದು ಮೊದಲಾಗಿದ್ದಿತು. ಅಂದು ಅದರ ೧೭ನೆಯ ದಿನ. ಪಾದ್ರಿಯೂ ಅದನ್ನೇ ಹೇಳಿದನು. ಈಸ್ಟರ್ ಎಂಬುದು ವರ್ಷವರ್ಷಕ್ಕೂ ಚಲಿಸುವ ಹಬ್ಬ. ಅದರ ಹಿಂದಿನ ಉಪವಾಸಕಾಲದ ಲೆಕ್ಕವನ್ನು ರೈತರೂ ಬೆಸ್ತರೂ ಆದ ಈ ಜನರು ಇನ್ನೂರಕ್ಕೂ ಹೆಚ್ಚು ವರ್ಷ ಪಾದ್ರಿಯ ಸಹಾಯವಿಲ್ಲದೆ ಇಟ್ಟುಕೊಂಡು ಬಂದು, ರೋಮಿನ ಲೆಕ್ಕದೊಡನೆ ಹೊಂದಿಸಿ ತೋರಿಸಿದರು! ಚರಿತ್ರೆಯನ್ನು ಬೋಧಿಸುವವನಾದ ನನಗೆ ಇದಕ್ಕಿಂತ ಬೆರಗಿನ ಸಂಗತಿಯು ಅಪರೂಪ.

ಎಲ್ಲವೂ ಹೀಗೆ ಕೆಡದೆ ಬಂದಿತೆಂದಲ್ಲ. ಸೊತೊಮೆಯ ಕಡೆಯಲ್ಲಿ ಪ್ರಚಾರದಲ್ಲಿದ್ದ, ಜಗತ್ತಿನ ಆರಂಭವನ್ನು ಹೇಳುವ ಒಂದು ಕಥಾಗ್ರಂಥದಲ್ಲಿ ಶಿಶು ಯೇಸುವನ್ನು ನೋಡಲು ಬರುವ ಮೂವರು ಅರಸರು ತುರ್ಕಿ, ಮೆಕ್ಸಿಕೊ ಮತ್ತು ಫ್ರಾನ್ಸಿನವರಾಗಿದ್ದಾರೆ. ಪೊಂತಿಯ ಪಿಲಾತನೊಬ್ಬನು ಇಬ್ಬರು ಬೇರೆ ಬೇರೆ ಮನುಷ್ಯರಾಗಿದ್ದಾನೆ. ಹೆರೋದನು ಕೊಲ್ಲಿಸಿದ ಮಕ್ಕಳ ಸಂಖ್ಯೆ ೪೪,೪೪೪. ಇಕಿತ್ಸುಕಿ ದ್ವೀಪದಲ್ಲಿ ಲ್ಯಾಟಿನ್ ಮತ್ತು ಪೋರ್ಚುಗೀಸ್ ಪ್ರಾರ್ಥನೆಗಳು ಒರಾಷೊ ಎಂಬ ಹೆಸರಿನಿಂದ ಬಾಯಿಂದ ಬಾಯಿಗೆ ಬಂದು, ಅನೇಕ ಕಡೆ ಅರ್ಥ ತಿಳಿಯದ ಶಬ್ದಮಾತ್ರವಾಗಿ ಉಳಿದವು.

ಅರ್ಥವರಿಯದೆ ವೇದವನ್ನು ಓದುವವನು ಹೊರೆ ಹೊತ್ತ ಕಂಬದಂತೆ ಎಂಬ ನಿಂದೆಯನ್ನು ಯಾಸ್ಕರ ನಿರುಕ್ತದಲ್ಲಿ ನಮ್ಮ ವಿದ್ಯಾರ್ಥಿಗಳು ಓದಿರಬಹುದು. ಆ ನಿಂದೆಯು ನ್ಯಾಯವೇ. ಆದರೆ ಕಂಬವು ಬಿದ್ದಿದ್ದರೆ ಹೊರೆ ಎಲ್ಲಿರುತ್ತಿತ್ತು ಎಂಬ ಪ್ರಶ್ನೆಯೂ ಉಂಟು. ಅರ್ಥವನ್ನು ಮಕ್ಕಳಿಗೆ ಉಪನ್ಯಾಸದಿಂದ ತಿಳಿಸಬೇಕೆಂಬುದು ನಮ್ಮಂಥ ಕಾಲೇಜಿನವರ ಭ್ರಮೆ. ಮಂಗಳೂರಿನ ಮನೆಯಲ್ಲಿ ಮಗುವು ಕುಸ್ವಾರನ್ನು ತಿಂದು, ಗೋದಲಿಗೆ ಹುಲ್ಲನ್ನು ಹಾಸಿದ ಬಳಿಕವೇ, ಇದೇಕೆಂದು ಕೇಳುವುದು. ಉರಕಾಮಿಯಲ್ಲಿಯೂ ದಿನವು ಮೊದಲು ಬಂದಿತು. ಇಂದೇಕೆ ಉಪವಾಸ ಎಂದು ಕೇಳಿದ ಮಗುವಿಗೆ ಕಥೆಯನ್ನು ಹೇಳಲೇಬೇಕಾಯಿತು.

೧೮೬೫ರ ಬಳಿಕ ನೆಮ್ಮದಿ ಬರಲಿಲ್ಲ. ಉರಕಾಮಿಯ ಜನರು ಬಹಿರಂಗವಾಗಿ ನಿಂತರು. ೩,೩೦೦ಕ್ಕೂ ಹೆಚ್ಚು ಮಂದಿಯನ್ನು ದೂರದೂರದ ಸೀಮೆಗಳಿಗೆ ಗಡೀಪಾರು ಮಾಡಿದರು. ೬೦೦ಕ್ಕೂ ಮೀರಿ ಸತ್ತರು. ನಿಷೇಧದ ಫಲಕಗಳನ್ನು ತೆಗೆದುದು ೧೮೭೩ರಲ್ಲಿ. ಮರಳಿ ಬಂದವರು, ತಮ್ಮ ಹಿರಿಯರು ಫಲಕವನ್ನು ತುಳಿದಿದ್ದ ಗ್ರಾಮಾಧಿಕಾರಿಯ ನಿವೇಶನವನ್ನೇ ಕೊಂಡು, ಅಲ್ಲಿ ದೊಡ್ಡ ಇಗರ್ಜಿಯನ್ನು ಕಟ್ಟಿದರು. ೧೯೪೫ನೆಯ ಆಗಸ್ಟ್ ೯ರಂದು, ಮರಿಯಮ್ಮನ ಹಬ್ಬಕ್ಕೆ ಸಿದ್ಧತೆಯಾಗಿ ಅಲ್ಲಿ ಪಾಪನಿವೇದನೆ ನಡೆಯುತ್ತಿದ್ದಾಗ, ಪರಮಾಣು ಬಾಂಬು ಸಮೀಪದಲ್ಲಿಯೇ ಸಿಡಿಯಿತು. ಸುಮಾರು ೧೨,೦೦೦ ಭಕ್ತರಲ್ಲಿ ೮,೫೦೦ರಷ್ಟು ಮಂದಿ ನಾಶವಾದರು. ಉಳಿದವರು ಭಗ್ನಾವಶೇಷದಿಂದ ಗಂಟೆಯೊಂದನ್ನು ಅಗೆದು ತೆಗೆದು, ಆ ವರ್ಷದ ಕ್ರಿಸ್ತಜಯಂತಿಯ ಹಿಂದಿನ ರಾತ್ರಿ ಬಾರಿಸಿದರು.

ಗುಪ್ತ ಕ್ರೈಸ್ತರಲ್ಲಿ ಎಲ್ಲರೂ ಪಾದ್ರಿಗಳ ಬಳಿಗೆ ಮರಳಲಿಲ್ಲ. ಇಕಿತ್ಸುಕಿಯಲ್ಲಿ ಅನೇಕರು, ಹಿರಿಯರು ಬಿಟ್ಟುಹೋದುದೇ ತಮ್ಮ ಮತವೆಂದು ಹೇಳಿ, ಒಳಕೋಣೆಯ ಪಟಗಳನ್ನೂ, ಹುತಾತ್ಮರು ಮಡಿದ ನಾಕಾಎನೊಷಿಮಾದಿಂದ ತರುವ ನೀರನ್ನೂ, ತಮ್ಮ ಒರಾಷೊವನ್ನೂ ಬಿಡದೆ ನಿಂತರು. ೨೦೧೮ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಸೀಮೆಯ ೧೨ ನೆಲೆಗಳನ್ನು ವಿಶ್ವಪರಂಪರೆಗೆ ಸೇರಿಸಿತು. ಈಗ ಅವರನ್ನು ಹಿಂಸಿಸುವವರಿಲ್ಲ. ತರುಣರು ಕೆಲಸಕ್ಕಾಗಿ ನಗರಗಳಿಗೆ ಹೋಗಿದ್ದಾರೆ. ಅಷ್ಟು ಉದ್ದದ ಜಪವನ್ನು ಬಾಯಿಪಾಠ ಮಾಡಲು ಬಿಡುವುಳ್ಳವರು ಕಡಮೆ. ಉತ್ತರಾಧಿಕಾರಿಗಳು ದೊರೆಯದೆ ಗುಂಪುಗಳು ಒಂದೊಂದಾಗಿ ಮುಚ್ಚಿಹೋಗುತ್ತಿವೆ. ಕೆಲವು ಮನೆಗಳವರು ಒಳಕೋಣೆಯ ಪಟಗಳನ್ನು ದ್ವೀಪದ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದ್ದಾರೆ.