ಬಾಗಿಲ ಚಿಲಕದ ಚರಿತ್ರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಉಂಡೆ ಕೊಬ್ಬರಿಯನ್ನು ಚೀಲಕ್ಕೆ ತುಂಬುವವರಿಗೆ ಒಂದು ನಿಯಮವನ್ನು ಯಾರೂ ಕಲಿಸಬೇಕಾಗಿಲ್ಲ. ಚೀಲ ಎಷ್ಟೇ ಗಟ್ಟಿಯಾಗಿರಲಿ, ದಾರಿಯಲ್ಲಿ ಅದರ ಬಾಯಿ ಬಿಚ್ಚಿಕೊಂಡರೆ ಸರಕು ಬೀದಿಪಾಲು. ಮೋಟಾರು ಕಾರಿಗೂ ಇದೇ ನಿಯಮ ಅನ್ವಯಿಸುತ್ತದೆಂದು ತೋರಿಸಿಕೊಟ್ಟವರು ಅಮೆರಿಕದ ಹ್ಯೂ ಡಿಹೇವನ್. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ಅಪಘಾತವೊಂದರಲ್ಲಿ ಬದುಕುಳಿದ ಅವರು, ಮುಂದೆ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅಪಘಾತದ ಗಾಯಗಳ ಅಧ್ಯಯನಕ್ಕೆ ತಳಹದಿ ಹಾಕಿದರು. ಪ್ರಯಾಣಿಕನೂ ಒಂದು ನಾಜೂಕಾದ ಸರಕು. ಅವನನ್ನು ಹೊತ್ತ ಪೆಟ್ಟಿಗೆ ಬಾಯಿ ತೆರೆಯಬಾರದು ಎಂಬುದು ಅವರ ವಾದ.

1950ರ ದಶಕದಲ್ಲಿ ಕಾರ್ನೆಲ್ ತಂಡ ಕಾರು ಅಪಘಾತಗಳ ವಿವರಗಳನ್ನು ಕಲೆಹಾಕಿತು. ಡಿಕ್ಕಿಯಾದಾಗ ಬಾಗಿಲು ತಾನಾಗಿ ತೆರೆದುಕೊಂಡು ಒಳಗಿದ್ದವರು ಹೊರಗೆ ಎಸೆಯಲ್ಪಡುತ್ತಿದ್ದರು. ಹೀಗೆ ಹೊರಬಿದ್ದವರು ಸಾಯುವ ಸಂಭವ ಒಳಗೇ ಉಳಿದವರಿಗಿಂತ ಸುಮಾರು ಐದು ಪಟ್ಟು ಹೆಚ್ಚು! 'ಹೊರಗೆ ಬಿದ್ದದ್ದರಿಂದ ಬಚಾವಾದ' ಎಂಬ ಜನರ ನಂಬಿಕೆಗೆ ಇದು ತದ್ವಿರುದ್ಧ. 1955–56ರ ಹೊತ್ತಿಗೆ ಅಮೆರಿಕದ ತಯಾರಕರು ಹೆಚ್ಚು ಭದ್ರವಾದ ಚಿಲಕಗಳನ್ನು ಅಳವಡಿಸತೊಡಗಿದರು. 1968ರ ಜನವರಿಯಿಂದ ಅಲ್ಲಿ ಅದು ಕಡ್ಡಾಯವಾಯಿತು.

ನಮ್ಮ ರಸ್ತೆಗಳಲ್ಲಿ ಓಡಾಡಿದ 1950ರ ದಶಕದ ಫಿಯಟ್ 1100 ಕಾರಿನ ಮುಂಬಾಗಿಲುಗಳಿಗೆ ಕೀಲು ಹಿಂಬದಿಯಲ್ಲಿತ್ತು. ಅಂಥ ಬಾಗಿಲು ಓಟದಲ್ಲಿ ತುಸು ಸಡಿಲವಾದರೂ ಎದುರುಗಾಳಿ ಒಳನುಗ್ಗಿ ಅದನ್ನು ಪೂರ್ತಿ ತೆರೆದುಬಿಡುತ್ತದೆ. ಕೀಲು ಮುಂಬದಿಯಲ್ಲಿದ್ದರೆ ಅದೇ ಗಾಳಿ ಬಾಗಿಲನ್ನು ಮುಚ್ಚುವ ಕಡೆಗೇ ಒತ್ತುತ್ತದೆ. ಈ ಎರಡನೆಯ ವಿನ್ಯಾಸವೇ ರೂಢಿಯಾದುದಕ್ಕೆ ಇದೂ ಒಂದು ಕಾರಣ.

ಈಗಿನ ಚಿಲಕದ ರಚನೆ ಸರಳ. ಬಾಗಿಲಿನಲ್ಲಿ ತಿರುಗುವ ಕವಲುಕೊಕ್ಕೆ, ಚೌಕಟ್ಟಿನಲ್ಲಿ ಉಕ್ಕಿನ ಗೂಟ. ಬಾಗಿಲು ಹಾಕಿದಾಗ ಕೊಕ್ಕೆ ಗೂಟವನ್ನು ತಬ್ಬಿಕೊಳ್ಳುತ್ತದೆ. ಅದು ಹಿಂದಕ್ಕೆ ತಿರುಗದಂತೆ ಒಂದು ತಡೆಹಲ್ಲು ಹಿಡಿದಿಡುತ್ತದೆ. ಹಿಡಿತಕ್ಕೆ ಎರಡು ಹಂತಗಳಿವೆ: ಅರೆಹಿಡಿತ, ಪೂರ್ಣಹಿಡಿತ. 2004ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ವಾಹನಗಳ ಮೊತ್ತಮೊದಲ ಜಾಗತಿಕ ತಾಂತ್ರಿಕ ನಿಯಮ ಬಾಗಿಲ ಚಿಲಕಕ್ಕೇ ಸಂಬಂಧಿಸಿದ್ದೆಂಬುದು ಗಮನಾರ್ಹ. ಅದರಂತೆ ಒಂದು ಪರೀಕ್ಷೆಯಲ್ಲಿ ಪೂರ್ಣಹಿಡಿತ 11,000 ನ್ಯೂಟನ್ ಬಲವನ್ನು, ಅಂದರೆ ಒಂದು ಟನ್ನಿಗೂ ಮಿಗಿಲಾದ ತೂಕವನ್ನು ತಾಳಬೇಕು. ಅರೆಹಿಡಿತ ತಾಳಬೇಕಾದದ್ದು 4,500 ನ್ಯೂಟನ್ ಮಾತ್ರ. ಸರಿಯಾಗಿ ಹಾಕದ ಬಾಗಿಲಿಗೆ ಅರ್ಧದಷ್ಟು ಭದ್ರತೆಯೂ ಇರುವುದಿಲ್ಲ ಎಂದಾಯಿತು.

ಆದರೆ ಈ ಪರೀಕ್ಷೆ ಹೊಸ ಚಿಲಕಕ್ಕೆ. ವರ್ಷಗಳು ಕಳೆದಂತೆ ಕೀಲಿನ ಕಡ್ಡಿ ಸವೆದು ಬಾಗಿಲು ಜೋಲುತ್ತದೆ. ಗೂಟ ಕೊಕ್ಕೆಯ ನೇರಕ್ಕೆ ಬರುವುದಿಲ್ಲ. ಧೂಳು, ಒಣಗಿದ ಗ್ರೀಸು ಸೇರಿ ತಡೆಹಲ್ಲನ್ನು ಅರ್ಧದಲ್ಲೇ ನಿಲ್ಲಿಸುತ್ತವೆ. ತುಕ್ಕು ಚೌಕಟ್ಟನ್ನೇ ತಿನ್ನುತ್ತದೆ. ಇಂಥವನ್ನು ಪತ್ತೆ ಮಾಡುವ ಅವಕಾಶವೇ ವಾಹನ ತಪಾಸಣೆ.

ನಮ್ಮಲ್ಲಿ 1939ರ ಮೋಟಾರು ವಾಹನ ಕಾಯಿದೆಯೇ ಸಾರಿಗೆ ವಾಹನಗಳಿಗೆ ಅರ್ಹತಾ ಪತ್ರವನ್ನು ಕಡ್ಡಾಯಗೊಳಿಸಿತ್ತು. ಜನ ಅದನ್ನು 'ಎಫ್.ಸಿ.' ಎನ್ನುತ್ತಾರೆ. 1988ರ ಕಾಯಿದೆಯ 56ನೇ ವಿಧಿ ಅದನ್ನು ಮುಂದುವರಿಸಿತು. 2018ರ ತಿದ್ದುಪಡಿಯಂತೆ ಎಂಟು ವರ್ಷದವರೆಗಿನ ಸಾರಿಗೆ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್.ಸಿ. ಆಗಬೇಕು. 2021ರಲ್ಲಿ ಯಂತ್ರಚಾಲಿತ ತಪಾಸಣಾ ಕೇಂದ್ರಗಳಿಗೂ ನಿಯಮಗಳು ಬಂದವು. ಆದರೆ ಸ್ವಂತ ಕಾರಿನ ನೋಂದಣಿಗೆ 15 ವರ್ಷಗಳ ಅವಧಿ. ನವೀಕರಣದ ತಪಾಸಣೆ ಅನಂತರದ್ದು. ಕೆಎ-44 ಫಲಕದ ತಿಪಟೂರಿನ ಕಾರಾಗಲಿ, ಬೆಂಗಳೂರಿನದಾಗಲಿ, ಅಷ್ಟು ಕಾಲ ಬಾಗಿಲಿಗೆ ಮಾಲೀಕನೇ ತಪಾಸಕ.

ಆ ತಪಾಸಣೆ ಕಷ್ಟವೇನಲ್ಲ. ವಾಹನ ನಿಂತಿರುವಾಗ, ಬಾಗಿಲನ್ನು ತೆರೆದು, ತುದಿ ಹಿಡಿದು ಮೆಲ್ಲಗೆ ಮೇಲೆತ್ತಿ ನೋಡಿ. ಅಲುಗಾಡಿದರೆ ಕೀಲು ಸವೆದಿದೆ. ಇನ್ನು ನಿಧಾನವಾಗಿ ಮುಚ್ಚಿ ಕಿವಿಗೊಡಿ: ಮೊದಲ 'ಟಕ್' ಅರೆಹಿಡಿತ, ಎರಡನೆಯದು ಪೂರ್ಣಹಿಡಿತ. ಶಾಲಾಮಕ್ಕಳನ್ನು ಕರೆತರುವ ವ್ಯಾನಿನಲ್ಲಿ ಈ ಎರಡನೆಯ ಸದ್ದು ಕೇಳುತ್ತದೆಯೇ ಎಂದು ಉಪಾಧ್ಯಾಯರು ಒಮ್ಮೆ ಪರೀಕ್ಷಿಸುವುದು ಒಳ್ಳೆಯದು. ಹಗ್ಗ ಕಟ್ಟಿ ಬಿಗಿದ ಬಾಗಿಲು ಮುಚ್ಚಿದಂತೆ ಕಾಣುತ್ತದೆ, ಅಷ್ಟೆ.